ಸೆಲ್ಫ್ ಹೊಡೆಯುತ್ತದೆ, ಎಂಜಿನ್ ಹಿಡಿಯುವುದಿಲ್ಲ: ಗ್ಯಾರೇಜಿಗೆ ಫೋನ್ ಮಾಡುವ ಮುನ್ನ

ಕಾರು ಸ್ಟಾರ್ಟ್ ಆಗುತ್ತಿಲ್ಲ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳು ಅಡಗಿವೆ. ಕೀಲಿ ತಿರುಗಿಸಿದಾಗ ಬರೀ ‘ಟಕ್’ ಎಂದು ಸುಮ್ಮನಾಗುವುದು, ಅಥವಾ ಏನೂ ಸದ್ದಾಗದಿರುವುದು ಒಂದು. ಅದು ಬ್ಯಾಟರಿಯ, ಟರ್ಮಿನಲ್ಲಿನ ಅಥವಾ ಸೆಲ್ಫ್ ಮೋಟರಿನ ದೂರು. ಸೆಲ್ಫ್ ಎಂದಿನಂತೆ ಹೊಡೆದು, ಎಂಜಿನ್ ಚುರುಕಾಗಿಯೇ ತಿರುಗಿ, ಆದರೂ ಹಿಡಿಯದೆ ಹೋಗುವುದು ಇನ್ನೊಂದು. ಈ ಲೇಖನ ಎರಡನೆಯದನ್ನು ಕುರಿತದ್ದು. ಇಲ್ಲಿ ಬ್ಯಾಟರಿ ಬದಲಾಯಿಸಿದರೆ ಸಾಮಾನ್ಯವಾಗಿ ಹಣ ಹೋಗುತ್ತದೆಯೇ ಹೊರತು ಕಾರು ಹೊರಡುವುದಿಲ್ಲ. ನನ್ನ ಕಾರಿಗೆ ಒಮ್ಮೆ ಹೀಗೆಯೇ ಹೊಸ ಬ್ಯಾಟರಿ ಹಾಕಿಸಿದ ಮೇಲೆ, ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರಿನ, ಇಲಿ ಕಡಿದಿದ್ದ ವೈರು ಕಣ್ಣಿಗೆ ಬಿತ್ತು.

ಪೆಟ್ರೋಲ್ ಎಂಜಿನ್ ಹತ್ತಿಕೊಳ್ಳಬೇಕಾದರೆ, ಸೆಲ್ಫ್ ಮೋಟರು ಅದನ್ನು ನಿಮಿಷಕ್ಕೆ ಸುಮಾರು 200 ಸುತ್ತು ತಿರುಗಿಸುತ್ತಿರುವಾಗಲೇ ಸಿಲಿಂಡರಿನಲ್ಲಿ ಗಾಳಿ ಬಿಗಿಯಾಗಿ ಅದುಮಿಕೊಳ್ಳಬೇಕು, ಹದವಾದ ಪೆಟ್ರೋಲ್ ಸೇರಬೇಕು, ಸರಿಯಾದ ಗಳಿಗೆಯಲ್ಲಿ ಪ್ಲಗ್ ಕಿಡಿ ಹಾರಿಸಬೇಕು. ಆ ಗಳಿಗೆಯನ್ನು ಗೊತ್ತುಮಾಡುವುದು ಇಸಿಯು ಎಂಬ ಕಂಪ್ಯೂಟರ್. ಇವುಗಳಲ್ಲಿ ಯಾವುದು ತಪ್ಪಿದೆ ಎಂಬುದನ್ನು ಬಹುಮಟ್ಟಿಗೆ ಕಣ್ಣು, ಕಿವಿ, ಮೂಗುಗಳಿಂದಲೇ, ಒಂದು ಸ್ಪ್ಯಾನರನ್ನೂ ಮುಟ್ಟದೆ ಅಂದಾಜು ಮಾಡಬಹುದು.

ಕೀಲಿಯಿಂದ ಕೈ ತೆಗೆಯಿರಿ

ಬಿಡದೆ ಸೆಲ್ಫ್ ಹೊಡೆಯುತ್ತಲೇ ಇರುವುದು ಹೆಚ್ಚಿನವರು ಮಾಡುವ ಮೊದಲ ತಪ್ಪು. ಒಂದು ಸಲಕ್ಕೆ 10 ಸೆಕೆಂಡ್ ಮೀರಬಾರದು, ನಡುವೆ ಒಂದು ನಿಮಿಷವಾದರೂ ಬಿಡುವು ಕೊಡಬೇಕು, ಮೂರನೆಯ ಸಲಕ್ಕೂ ಹಿಡಿಯದಿದ್ದರೆ ನಿಲ್ಲಿಸಿಬಿಡಬೇಕು. ಇಲ್ಲವಾದರೆ ಸೆಲ್ಫ್ ಮೋಟರು ಕಾದುಹೋಗುತ್ತದೆ, ಚೆನ್ನಾಗಿದ್ದ ಬ್ಯಾಟರಿಯೂ ಇಳಿದು ಒಂದಿದ್ದ ಸಮಸ್ಯೆ ಎರಡಾಗುತ್ತದೆ, ಉರಿಯದ ಪೆಟ್ರೋಲ್ ಹೊಗೆಯನ್ನು ಶುದ್ಧಮಾಡುವ ಕೆಟಲಿಟಿಕ್ ಕನ್ವರ್ಟರಿಗೆ ಸೇರಿ ಆಮೇಲೆ ಅಲ್ಲಿ ಉರಿದು ಆ ದುಬಾರಿ ಭಾಗವನ್ನು ಹಾಳುಮಾಡಬಹುದು. ವಾಚ್‌ಮನ್‌ನನ್ನೂ ನೆರೆಯವರನ್ನೂ ಕರೆದು ತಳ್ಳಿಸುವುದರಿಂದಲೂ ಪ್ರಯೋಜನವಿಲ್ಲ. ಸೆಲ್ಫ್ ಆಗಲೇ ಸರಿಯಾಗಿ ಮಾಡುತ್ತಿರುವ ಕೆಲಸವನ್ನು ನಾಲ್ಕು ಜನ ಬೆವರು ಸುರಿಸಿ ಮಾಡಿದಂತಾಗುತ್ತದೆ, ಅಷ್ಟೇ.

ನೀರಿನಲ್ಲಿ ನಿಂತ ಕಾರಾದರೆ ಒಂದೇ ಒಂದು ಸಲವೂ ಸೆಲ್ಫ್ ಹೊಡೆಯಕೂಡದು. ಗಾಳಿಯನ್ನು ಹಿಂಡಬಹುದು, ನೀರನ್ನು ಹಿಂಡಲಾಗದು. ಪಿಸ್ಟನ್ ಮೇಲೇರುವಾಗ ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಪಿಸ್ಟನ್ನನ್ನು ತಳ್ಳುವ ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತದೆ. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆ, ಯಮಲೂರುಗಳ ಕಡೆ ಬೇಸ್‌ಮೆಂಟುಗಳು ಕೆರೆಗಳಾದದ್ದನ್ನು ನಗರ ಮರೆತಿಲ್ಲ. ಅಂಥ ಹೊತ್ತಿನಲ್ಲಿ ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿಟ್ಟು, ಏರ್ ಫಿಲ್ಟರ್ ಒದ್ದೆಯಾಗಿದೆಯೇ ಎಂದು ನೋಡಿ, ಒದ್ದೆಯಾಗಿದ್ದರೆ ಕಾರನ್ನು ಹಾಗೆಯೇ ಎತ್ತಿಸಿಕೊಂಡು ಹೋಗಬೇಕು. ಪ್ರತ್ಯೇಕ ಎಂಜಿನ್ ರಕ್ಷಣೆಯ ಆಡ್-ಆನ್ ಇಲ್ಲದ ಸಾಮಾನ್ಯ ವಿಮೆಯಲ್ಲಿ ಈ ಬಗೆಯ ಹಾನಿಗೆ ಪರಿಹಾರ ಸಿಗುವುದು ಕಷ್ಟ ಎಂಬುದೂ ನೆನಪಿರಲಿ.

ಕೀಲಿ ಆನ್ ಮಾಡಿ, ಕಿವಿಗೊಡಿ

ನೀರಿನ ಭಯವಿಲ್ಲದಿದ್ದರೆ ಎಸಿ, ರೇಡಿಯೊ ಆಫ್ ಮಾಡಿ, ಕಿಟಕಿಗಳನ್ನು ಏರಿಸಿ, ಕೀಲಿಯನ್ನು ಆನ್ ಸ್ಥಾನಕ್ಕೆ ಮಾತ್ರ ತನ್ನಿ. ಬಟನ್ ಇರುವ ಹೆಚ್ಚಿನ ಕಾರುಗಳಲ್ಲಿ ಬ್ರೇಕ್ ಮತ್ತು ಕ್ಲಚ್ ತುಳಿಯದೆ ಎರಡು ಸಲ ಒತ್ತಿದರೆ ಇದೇ ಸ್ಥಿತಿ ಬರುತ್ತದೆ. ಮೀಟರಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹತ್ತಬೇಕು. ಅದು ಹತ್ತಲೇ ಇಲ್ಲವೆಂದರೆ ಇಸಿಯುಗೆ ಕರೆಂಟೇ ತಲುಪುತ್ತಿಲ್ಲ ಎಂದು ಶಂಕಿಸಬೇಕು. ಫ್ಯೂಸ್ ಅಥವಾ ಮೇನ್ ರಿಲೇ (ಕರೆಂಟಿನಿಂದಲೇ ನಡೆಯುವ ಸ್ವಿಚ್) ಕಡೆ ಗಮನ ಹರಿಸಿ. ಕೀಲಿ ಅಥವಾ ಬೀಗದ ಚಿತ್ರದ ದೀಪ ಮಿನುಗುತ್ತಲೇ ಇದ್ದರೆ ಕಳ್ಳತನ ತಡೆಯುವ ಇಮೊಬಿಲೈಸರ್ ನಿಮ್ಮ ಕೀಲಿಯನ್ನು ಗುರುತಿಸುತ್ತಿಲ್ಲ. ಇನ್ನೊಂದು ಕೀಲಿಯಿಂದ ಪ್ರಯತ್ನಿಸಿ. ಸ್ಮಾರ್ಟ್ ಕೀಲಿಯಾದರೆ ಅದರ ಬಟನ್ ಸೆಲ್ ಇಳಿದಿರಬಹುದು, ಕೀಲಿಯನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಒತ್ತಿದರೆ ಬಹಳಷ್ಟು ಕಾರುಗಳು ಒಪ್ಪಿಕೊಳ್ಳುತ್ತವೆ.

ಹೊರಗಿನಿಂದ ಹಾಕಿಸಿದ ಸೆಕ್ಯೂರಿಟಿ ಅಲಾರಂ ಅಥವಾ ಜಿಪಿಎಸ್ ಟ್ರ್ಯಾಕರ್ ಇದ್ದರೆ ಅದನ್ನೂ ಅನುಮಾನದ ಪಟ್ಟಿಗೆ ಸೇರಿಸಿ. ಕಳ್ಳನನ್ನು ತಡೆಯಲೆಂದು ಪಂಪಿನ ಅಥವಾ ಇಗ್ನಿಷನ್ನಿನ ವೈರು ಕತ್ತರಿಸಿ ನಡುವೆ ಕೂರಿಸಿದ ಪುಟ್ಟ ರಿಲೇ, ಕೆಲವು ವರ್ಷಗಳ ನಂತರ ಕೈಕೊಟ್ಟು ಮಾಲೀಕರನ್ನೇ ತಡೆಯುತ್ತದೆ.

ಈಗ ಸದ್ದು. ಕೀಲಿ ಆನ್‌ಗೆ ಬಂದ ಕೂಡಲೇ ಹಿಂದಿನ ಸೀಟಿನ ಕೆಳಗಿನಿಂದ, ಟ್ಯಾಂಕಿನೊಳಗಿನ ಪಂಪು ಎರಡು-ಮೂರು ಸೆಕೆಂಡ್ ‘ಝುಂಯ್’ ಎನ್ನಬೇಕು. ಒಬ್ಬರು ಮುಂದೆ ಕೀಲಿ ತಿರುಗಿಸುವಾಗ ಇನ್ನೊಬ್ಬರು ಹಿಂದಿನ ಸೀಟಿಗೆ ಕಿವಿ ಹಚ್ಚಿದರೆ ಸಂದೇಹ ಉಳಿಯುವುದಿಲ್ಲ. ಸದ್ದು ಇಲ್ಲವಾದರೆ ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಮೈಯಲ್ಲಿರುವ ನಕ್ಷೆ ನೋಡಿ ಫ್ಯೂಯೆಲ್ ಪಂಪಿನ ಫ್ಯೂಸ್ ಸುಟ್ಟಿದೆಯೇ ಪರೀಕ್ಷಿಸಿ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಬೇಕು, ದೊಡ್ಡದನ್ನಲ್ಲ. ಬಳಿಕ ಪಂಪಿನ ರಿಲೇಯನ್ನು ತೆಗೆದು, ಮೇಲೆ ಅದೇ ನಂಬರು ಬರೆದಿರುವ ಹಾರ್ನ್ ರಿಲೇಯೊಂದಿಗೆ ಅದಲುಬದಲು ಮಾಡಿ ನೋಡಿ. ಪಂಪು ಗುಂಯ್‌ಗುಟ್ಟಿ ಹಾರ್ನ್ ಮೂಕವಾದರೆ ತಪ್ಪು ಸಿಕ್ಕಂತೆ, ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹಳೆಯ ರಿಲೇ ತೋರಿಸಿದರೆ ಅದೇ ಮಾದರಿಯದನ್ನು ಹುಡುಕಿಕೊಡುತ್ತಾರೆ.

ರಿಲೇ ಸರಿಯಿದ್ದೂ ಪಂಪು ಮೌನವಾಗಿದ್ದರೆ, ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಟ್ಯಾಂಕಿನ ತಳಕ್ಕೆ ಮುಷ್ಟಿಯಿಂದಲೋ ಚಪ್ಪಲಿಯಿಂದಲೋ ಮೆಲ್ಲಗೆ ಬಡಿಯುವ ಹಳೆಯ ಉಪಾಯವಿದೆ. ಸವೆದ ಪಂಪು ಒಮ್ಮೊಮ್ಮೆ ಇದಕ್ಕೆ ಎಚ್ಚೆತ್ತು ಗ್ಯಾರೇಜಿನವರೆಗೆ ಕರೆದೊಯ್ಯುತ್ತದೆ, ಆದರೆ ದಾರಿಯಲ್ಲಿ ಎಂಜಿನ್ ನಿಲ್ಲಿಸಬಾರದು. ಸದಾ ರಿಸರ್ವಿನಲ್ಲೇ ಓಡಿಸುವವರ ಪಂಪು ಬೇಗ ಸವೆಯುತ್ತದೆ, ಏಕೆಂದರೆ ಅದನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲೇ. ಇದೇ ಅಭ್ಯಾಸದವರು ಬೇಸ್‌ಮೆಂಟಿನ ಇಳಿಜಾರಿನಲ್ಲಿ ಕಾರು ನಿಲ್ಲಿಸಿದ್ದರೆ, ಉಳಿದ ಪೆಟ್ರೋಲ್ ಒಂದು ಮೂಲೆಗೆ ಸರಿದು ಪಂಪಿಗೆ ಎಟುಕದೆಯೂ ಇರಬಹುದು. ಮೀಟರಿನ ಮುಳ್ಳನ್ನು ನಂಬದೆ ಐದು ಲೀಟರ್ ತರಿಸಿ ಹಾಕುವುದು ನಾಚಿಕೆಪಡುವ ಕೆಲಸವಲ್ಲ.

ತೊಂದರೆ ಬಂಕಿನಿಂದ ಹೊರಟ ಸ್ವಲ್ಪ ಹೊತ್ತಿಗೇ ಕಾಣಿಸಿದ್ದರೆ ಪೆಟ್ರೋಲಿನಲ್ಲಿ ನೀರು ಬೆರೆತಿರುವ ಸಾಧ್ಯತೆಯನ್ನು ತಳ್ಳಿಹಾಕಬೇಡಿ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಬಿಡುಗಡೆಯಾದ ಇ20 ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ. ಎಥೆನಾಲಿಗೆ ನೀರನ್ನು ಸೆಳೆದುಕೊಳ್ಳುವ ಗುಣವಿದ್ದು, ನೀರು ಮಿತಿ ಮೀರಿದಾಗ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪು ಹೀರುವುದೂ ತಳದಿಂದಲೇ. ಟ್ಯಾಂಕು ಬಸಿಯದೆ ಇದಕ್ಕೆ ಬೇರೆ ದಾರಿಯಿಲ್ಲ.

ಕಿಡಿಯ ಕಥೆ

ಪಂಪಿನ ಸದ್ದು ಸರಿಯಾಗಿದ್ದರೆ ಐದು ಸೆಕೆಂಡ್ ಸೆಲ್ಫ್ ಹೊಡೆದು, ಇಳಿದು ಸೈಲೆನ್ಸರಿನ ಬಳಿ ಮೂಸಿ ನೋಡಿ. ಪೆಟ್ರೋಲಿನ ಗಾಢ ವಾಸನೆ ಬಂದರೆ ಪೆಟ್ರೋಲ್ ತಲುಪುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ವಾಸನೆಯೇ ಇಲ್ಲವಾದರೆ ಪಂಪಿನ ಒತ್ತಡದತ್ತ, ಇಂಜೆಕ್ಟರಿನತ್ತ ಅಥವಾ ಮುಂದೆ ಹೇಳುವ ಸೆನ್ಸರಿನತ್ತ ನೋಡಬೇಕು. ಮೊದಲ ಪ್ರಕರಣದಲ್ಲಿ, ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಬಿಚ್ಚಿ ಪ್ಲಗ್ಗನ್ನು ಲೋಹಕ್ಕೆ ತಾಗಿಸಿ ಕಿಡಿ ನೋಡುವ ಹಳೆಯ ಪದ್ಧತಿಯನ್ನು ಮನೆಯಲ್ಲಿ ಅನುಸರಿಸಬೇಡಿ. ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಸುತ್ತ ಪೆಟ್ರೋಲಿನ ಆವಿಯೂ ಇರುತ್ತದೆ.

ಅದಕ್ಕೆ ಬದಲಾಗಿ, ವಾಸನೆ ಬರಲಿ ಬಿಡಲಿ, ಎಂಜಿನ್ನಿನ ವೇಗ ತೋರಿಸುವ ಆರ್‌ಪಿಎಂ ಮುಳ್ಳನ್ನು ನೋಡಿ. ಸೆಲ್ಫ್ ಹೊಡೆಯುವಾಗ ಅನೇಕ ಕಾರುಗಳಲ್ಲಿ ಅದು ಸೊನ್ನೆಯಿಂದ ತುಸು ಮೇಲೇಳುತ್ತದೆ. ನಿಮ್ಮ ಕಾರಿನಲ್ಲಿ ಹಿಂದೆಲ್ಲ ಏಳುತ್ತಿದ್ದದ್ದು ಈಗ ಅಲ್ಲಾಡದಿದ್ದರೆ ಕ್ರ್ಯಾಂಕ್‌ಶಾಫ್ಟ್ ಸೆನ್ಸರ್ ಮೇಲೆ ಬಲವಾದ ಅನುಮಾನ ಬರುತ್ತದೆ. ಎಂಜಿನ್ ತಿರುಗುತ್ತಿದೆ ಎಂಬುದೇ ಇಸಿಯುಗೆ ತಿಳಿಯದಾದಾಗ ಅದು ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಬಿಡುವುದಿಲ್ಲ. ಈ ಸೆನ್ಸರಿನದು ವಿಚಿತ್ರ ಸ್ವಭಾವ: ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮುಕ್ಕಾಲು ಗಂಟೆ ತೆವಳಿ ಕಾದ ಎಂಜಿನ್ ಆಫ್ ಆಗಿ ಮತ್ತೆ ಹಿಡಿಯುವುದಿಲ್ಲ, ಅರ್ಧ ಗಂಟೆ ತಣಿದ ಮೇಲೆ ಏನೂ ಆಗಿರಲಿಲ್ಲವೆಂಬಂತೆ ಹೊರಡುತ್ತದೆ. ಗ್ಯಾರೇಜಿಗೆ ಹೋದಾಗ ಕಾರು ಚೆನ್ನಾಗಿಯೇ ಇರುವುದರಿಂದ ಮಾಲೀಕರ ಮಾತನ್ನು ಯಾರೂ ನಂಬುವುದಿಲ್ಲ.

ಪ್ಲಗ್ ಒದ್ದೆಯಾಗುವುದು ಅಪಾರ್ಟ್‌ಮೆಂಟುಗಳಲ್ಲಿ ಪದೇಪದೇ ಕಾಣುವ ಇನ್ನೊಂದು ಕಾರಣ. ತೊಳೆಯಲೆಂದೋ ಪಕ್ಕದವರ ಕಾರಿಗೆ ದಾರಿ ಬಿಡಲೆಂದೋ ತಣ್ಣಗಿದ್ದ ಎಂಜಿನ್ನನ್ನು ಅರ್ಧ ನಿಮಿಷ ಓಡಿಸಿ ನಿಲ್ಲಿಸಿದರೆ, ತಣ್ಣನೆಯ ಎಂಜಿನ್ನಿಗೆಂದು ಹೆಚ್ಚಾಗಿ ಬಿದ್ದ ಪೆಟ್ರೋಲ್ ಪ್ಲಗ್ಗನ್ನು ತೋಯಿಸಿ, ಮಾರನೆಯ ಬೆಳಿಗ್ಗೆ ಕಿಡಿ ಏಳುವುದಿಲ್ಲ. ಆಗ ಎಕ್ಸಿಲರೇಟರನ್ನು ಪೂರ್ತಿ ತುಳಿದು ಹಿಡಿದು ಐದಾರು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಹೆಚ್ಚಿನ ಇಂಜೆಕ್ಷನ್ ಕಾರುಗಳಲ್ಲಿ ಹೀಗೆ ಮಾಡಿದಾಗ ಇಸಿಯು ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿ ಬಿಡುತ್ತದೆ. ಎಂಜಿನ್ ಕೆಮ್ಮಿ ಎದ್ದ ತಕ್ಷಣ ಕಾಲು ತೆಗೆಯಬೇಕು.

ಇನ್ನು ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು ಇಲಿಯ ಹಿಕ್ಕೆ, ಕಡಿದ ವೈರು, ಸಡಿಲವಾದ ಕನೆಕ್ಟರ್ ಇವೆಯೇ ನೋಡುವುದನ್ನು ಮರೆಯಬೇಡಿ. ನನಗೆ ಇದನ್ನು ಕಲಿಸಿದ್ದು ಒಂದು ಬ್ಯಾಟರಿಯ ಬೆಲೆ.

ಸೆಲ್ಫ್ ಹೊಡೆದರೂ ಏದುಸಿರು ಬಿಡುವಂತೆ ನಿಧಾನವಾಗಿದ್ದರೆ ಮಾತ್ರ ಬ್ಯಾಟರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಸುಮ್ಮನಿದ್ದಾಗ 12.6 ವೋಲ್ಟ್ ಆಸುಪಾಸಿನಲ್ಲಿರಬೇಕಾದ ಅದು ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ, ಎಂಜಿನ್ ತಿರುಗಿಯೂ ಇಸಿಯು ಕೆಲಸ ಮಾಡದೆ ಹೋಗಬಹುದು. ಇದಕ್ಕೆ ತದ್ವಿರುದ್ಧವಾಗಿ, ಎಂದಿನ ‘ಕುರ್ ಕುರ್’ ತಾಳವಿಲ್ಲದೆ ಎಂಜಿನ್ ಹಗುರವಾಗಿ ‘ಸರ್ರ್’ ಎಂದು ಓಡಿದಂತೆ ಕೇಳಿದರೆ ವಾಲ್ವುಗಳನ್ನು ಪಿಸ್ಟನ್ನಿನ ತಾಳಕ್ಕೆ ನಡೆಸುವ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು. ಇನ್ನೊಂದು ಸಲ ಕೀಲಿ ತಿರುಗಿಸಿದರೂ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಗ್ಗುವ ಅಪಾಯವಿದೆ.

ಡೀಸೆಲ್ ಕಾರಿನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಅಲ್ಲಿ ಫಿಲ್ಟರಿನಲ್ಲಿ ನಿಂತ ನೀರು, ಟ್ಯಾಂಕು ಬರಿದಾದ ಮೇಲೆ ಲೈನಿಗೆ ಹೊಕ್ಕ ಗಾಳಿ ಇವೇ ಮುಖ್ಯ ಶಂಕಿತರು. ಹ್ಯಾಂಡ್ ಪಂಪ್ ಇದ್ದರೆ ಅದು ಗಟ್ಟಿಯಾಗುವವರೆಗೆ ಒತ್ತಿ ಗಾಳಿ ತೆಗೆಯಬೇಕು. ತಣ್ಣಗಿದ್ದ ಎಂಜಿನ್ನನ್ನು ಬೆಚ್ಚಗಾಗಿಸುವ ಗ್ಲೋ ಪ್ಲಗ್ ಕೆಟ್ಟಿರಬಹುದಾದರೂ ಬೆಂಗಳೂರಿನ ಚಳಿಗೆ ಅದೊಂದೇ ಕಾರಣವಾಗುವುದು ಅಪರೂಪ. ಡೀಸೆಲ್ ಪೈಪುಗಳನ್ನು ಮಾತ್ರ ಸಡಿಲಿಸಬೇಡಿ, ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕಾಮನ್ ರೈಲ್ ಕೊಳವೆಯ ಒತ್ತಡ ಚರ್ಮವನ್ನೇ ಸೀಳಬಲ್ಲದು.

ಇಷ್ಟಾದ ಮೇಲೂ ಗೊತ್ತಾಗದಿದ್ದರೆ, ಸ್ಟಿಯರಿಂಗ್ ಕೆಳಗಿನ, ದೋಷ ಪತ್ತೆಗೆಂದೇ ಇರುವ ಓಬಿಡಿ ಸಾಕೆಟ್ಟಿಗೆ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ ಮೊಬೈಲಿನಲ್ಲಿ ಕೋಡ್ ಓದಬಹುದು. ಪಿ0335 ಎಂದರೆ ಕ್ರ್ಯಾಂಕ್‌ಶಾಫ್ಟ್ ಸೆನ್ಸರಿನ ಸರ್ಕಿಟ್, ಪಿ0230 ಎಂದರೆ ಪಂಪಿನ ಸರ್ಕಿಟ್. ಕೋಡ್ ಸರ್ಕಿಟ್ಟನ್ನು ತೋರಿಸುತ್ತದೆ, ಭಾಗವನ್ನಲ್ಲ. ವೈರು ನೋಡದೆ ಸೆನ್ಸರ್ ಕೊಳ್ಳಬಾರದು.

ಮೆಕ್ಯಾನಿಕ್‌ಗೆ ಫೋನ್ ಮಾಡಿದಾಗ “ಗಾಡಿ ಸ್ಟಾರ್ಟ್ ಆಗ್ತಿಲ್ಲ” ಎನ್ನುವ ಬದಲು, “ಸೆಲ್ಫ್ ಚೆನ್ನಾಗಿ ಹೊಡೀತಿದೆ, ಪಂಪಿನ ಸದ್ದಿದೆ, ಸೈಲೆನ್ಸರಲ್ಲಿ ಪೆಟ್ರೋಲ್ ವಾಸನೆ ಬರ್ತಿಲ್ಲ, ಆರ್‌ಪಿಎಂ ಮುಳ್ಳು ಏಳ್ತಿಲ್ಲ” ಎಂದು ಹೇಳಿ. ಅವರು ಸೆನ್ಸರನ್ನು ಜೊತೆಗೇ ತರುತ್ತಾರೆ. ಎಳೆಸಲೇಬೇಕಾಗಿ ಬಂದು, ಕಾರು ಆಟೊಮ್ಯಾಟಿಕ್ ಗೇರಿನದಾಗಿದ್ದರೆ, ಹಗ್ಗ ಕಟ್ಟಿ ಎಳೆಯುವವರನ್ನು ಒಪ್ಪದೆ, ನಾಲ್ಕೂ ಚಕ್ರ ಮೇಲೇರುವ ಫ್ಲಾಟ್‌ಬೆಡ್ ವಾಹನವನ್ನೇ ಕೇಳಿ.