ಪೆಟ್ಟಾದ ಬೀದಿನಾಯಿಗೆ ಶೆಲ್ಟರ್‌ನಲ್ಲಿ ಜಾಗ ಸಿಕ್ಕಿದ್ದು ಹೀಗೆ

‘ನಾಯಿಗೆ ಪೆಟ್ಟಾಗಿದೆ, ಯಾರಾದ್ರೂ ಬಂದು ಕಾಪಾಡಿ’ ಎಂದು ವಾಟ್ಸಾಪ್ ಸ್ಟೇಟಸ್ ಹಾಕಿದರೆ ಅಳುವ ಎಮೋಜಿಗಳು ಬರುತ್ತವೆ, ಜನ ಬರುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಮಂಡಗದ್ದೆ ಹತ್ತಿರ ಗಾಡಿ ಬಡಿದು ಬಿದ್ದಿದ್ದ ಹೆಣ್ಣುನಾಯಿಗೆ ನಾನು ಸಹಾಯ ಹುಡುಕಿದ್ದು ಬೇರೆ ರೀತಿ. ವಾಹನ, ಡಾಕ್ಟರ್, ಆಮೇಲೆ ಇಡಲು ಜಾಗ. ಮೂರನ್ನೂ ಬೇರೆ ಬೇರೆಯವರ ಹತ್ತಿರ ಕೇಳಿದೆ. ಪೂರ್ತಿ ಹೊರೆ ಒಬ್ಬರ ತಲೆಗೇ ಕಟ್ಟಿದರೆ ಯಾರು ತಾನೇ ಒಪ್ಪುತ್ತಾರೆ?

ನೋವಿನಲ್ಲಿರುವ ನಾಯಿ ಎಷ್ಟೇ ಸಾಧುವಾದರೂ ಕಚ್ಚುತ್ತದೆ. ಬಟ್ಟೆಯ ಪಟ್ಟಿಯಿಂದ ಮೂತಿ ಸುತ್ತಿ, ಕಿವಿ ಹಿಂದೆ ಗಂಟು ಹಾಕಿದೆ. ವಾಂತಿ ಮಾಡುತ್ತಿದ್ದರೆ, ಉಸಿರಿಗೆ ಒದ್ದಾಡುತ್ತಿದ್ದರೆ ಮಾತ್ರ ಹೀಗೆ ಕಟ್ಟಬಾರದು. ತುಟಿ ಎತ್ತಿ ವಸಡು ನೋಡಿದೆ, ಗುಲಾಬಿ ಬಣ್ಣವಿತ್ತು. ಬಿಳಿಚಿಕೊಂಡಿದ್ದರೆ ದೇಹದ ಒಳಗೆ ರಕ್ತ ಸೋರುತ್ತಿರಬಹುದು. ತೊಡೆಯ ಗಾಯದಲ್ಲಿ ಆಗಲೇ ಹುಳ ಮಿಸುಕುತ್ತಿದ್ದವು. ನಮ್ಮ ಮಳೆಗಾಲದಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದೇ ದಿನ ಸಾಕು. ಯಾರೋ ಪ್ಯಾರಾಸಿಟಮಾಲ್ ತಂದರು, ಬೇಡ ಎಂದೆ. ನಮ್ಮ ನೋವಿನ ಮಾತ್ರೆ ನಾಯಿಗೆ ವಿಷವಾಗಬಹುದು.

ಗೂಡ್ಸ್ ಆಟೋದವರು ಹಿಂದೆಮುಂದೆ ನೋಡಿದರು. ‘ಬಾಡಿಗೆ ಕೊಡ್ತೀನಿ ಮಾರಾಯ್ರೆ, ಹಿಂದೆ ನಾಯಿ ಜೊತೆ ನಾನೇ ಕೂರ್ತೀನಿ’ ಎಂದೆ. ಎರಡನೇ ಮಾತಿಗೇ ಒಪ್ಪಿದ್ದು. ಹಲಗೆ ಮೇಲೆ ಗೋಣಿಚೀಲ ಹಾಸಿ, ಬೆನ್ನು ಬಾಗದ ಹಾಗೆ ಜಾರಿಸಿ ಏರಿಸಿದೆವು. ಗಾಡಿಯೇ ಸಿಗದಿದ್ದರೆ 1962ಕ್ಕೆ ಫೋನ್ ಮಾಡಬಹುದು. ಆದರೆ ಆ ಪಶು ಸಂಚಾರಿ ಘಟಕ ಹೆಚ್ಚಾಗಿ ದನಕರುಗಳಿಗೆ ಓಡಾಡುವುದು. ನಾಯಿ ನೋಡಲು ಬರುತ್ತಾರಾ ಎಂದು ಮೊದಲೇ ಕೇಳಿಕೊಳ್ಳಿ.

ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ವಿನೋಬನಗರದಲ್ಲಿದೆ. ಅಲ್ಲಿ ಡಾಕ್ಟರ್ ಹಿಂಗಾಲಿನ ಬೆರಳನ್ನು ಚಿಮಟದಿಂದ ಒತ್ತಿದರು. ನಾಯಿ ಕತ್ತು ತಿರುಗಿಸಿ ಗುರ್ ಎಂದಿತು. ‘ಒಳ್ಳೇದಾಯ್ತು, ಕಾಲಿಗೆ ಸ್ಪರ್ಶ ಇದೆ’ ಎಂದು ನಕ್ಕರು. ಎಕ್ಸ್‌ರೇಯಲ್ಲಿ ಸೊಂಟದ ಮೂಳೆ ಬಿರುಕು. ಆಪರೇಷನ್ ಬೇಡ, ಓಡಾಡದ ಹಾಗೆ ಸಣ್ಣ ಜಾಗದಲ್ಲಿ ನಾಲ್ಕಾರು ವಾರ ಇಡಬೇಕು ಅಷ್ಟೇ. ನನ್ನ ತರಚಿದ ಕೈಗೆ ಜೊಲ್ಲು ತಾಗಿತ್ತು. ಹದಿನೈದು ನಿಮಿಷ ಸೋಪು ಹಾಕಿ ತೊಳೆದು, ರೇಬಿಸ್ ಇಂಜೆಕ್ಷನ್ ಶುರು ಮಾಡಿಸಿದೆ.

ನಿಜವಾದ ಕಷ್ಟ ಶುರುವಾಗಿದ್ದು ಶೆಲ್ಟರ್‌ನಲ್ಲಿ. ‘ಕೇಜ್ ಎಲ್ಲ ಫುಲ್’ ಎಂದರು. ಸುಳ್ಳಲ್ಲ, ಕಣ್ಣಿಗೇ ಕಾಣುತ್ತಿತ್ತು. ಜನ ನಾಯಿ ಬಿಟ್ಟುಹೋಗಿ ಫೋನ್ ಸ್ವಿಚ್ ಆಫ್ ಮಾಡಿಕೊಳ್ಳುತ್ತಾರಂತೆ. ಹೊಸ ನಾಯಿಯಿಂದ ಪಾರ್ವೋ, ಡಿಸ್ಟೆಂಪರ್‌ನಂಥ ಅಂಟುರೋಗ ಬಂದರೆ ಇರುವ ಮರಿಗಳ ಕಥೆ ಮುಗಿದ ಹಾಗೆ. ಆದ್ದರಿಂದ ನಾನು ಕರುಣೆಯ ಮಾತು ಆಡಲೇ ಇಲ್ಲ. ಚೀಟಿ, ಎಕ್ಸ್‌ರೇ ಮುಂದಿಟ್ಟೆ. ‘ಕೇಜ್ ನಾನು ತರ್ತೀನಿ, ಮಾತ್ರೆ ಖರ್ಚೂ ನಂದೇ. ಬೇರೆ ನಾಯಿಗಳಿಂದ ದೂರ ಒಂದು ಮೂಲೆ ಕೊಡಿ. ವಾಸಿಯಾದ ಮೇಲೆ ನಾನೇ ಕರ್ಕೊಂಡು ಹೋಗ್ತೀನಿ.’ ಅವರು ಇದನ್ನೆಲ್ಲ ಕಾಗದದಲ್ಲಿ ಬರೆಸಿ ಸಹಿ ಹಾಕಿಸಿಕೊಂಡರು. ಒಳ್ಳೆಯ ಪದ್ಧತಿ ಅಲ್ವಾ?

ನಡೆಯಲು ಶುರು ಮಾಡಿದ ಮೇಲೆ ಸಂತಾನಹರಣ ಆಪರೇಷನ್ ಆಯಿತು, ಗುರುತಿಗೆ ಕಿವಿ ತುದಿಯಲ್ಲಿ ಕಚ್ಚು ಹಾಕಿದರು. ಹೀಗೆ ಆಪರೇಷನ್ ಆದ ಬೀದಿನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು ಎನ್ನುತ್ತವೆ 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮಗಳು. ಮಂಡಗದ್ದೆಗೇ ವಾಪಸ್ ಬಿಟ್ಟೆ.

ಅಂದಹಾಗೆ, ಮಳೆಗಾಲದಲ್ಲಿ ಶೆಲ್ಟರ್‌ನವರಿಗೆ ಬಿಸ್ಕತ್ತಿಗಿಂತ ಜಾಸ್ತಿ ಬೇಕಾಗುವುದು ಒಣ ಗೋಣಿಚೀಲ, ಹಳೆ ಬೆಡ್‌ಶೀಟ್. ಜಡಿಮಳೆಯಲ್ಲಿ ಒಗೆದದ್ದು ಒಣಗುವುದೇ ಇಲ್ಲ.