ಕಿನ್ನಾಳದ ಬಗೆಯಲ್ಲಿ ಒಂದು ಮರದ ಗಿಳಿ

ಕೊಪ್ಪಳದ ಹತ್ತಿರದ ಕಿನ್ನಾಳದ ಗೊಂಬೆ ನೋಡಿದ್ದೀರಾ? ಗರುಡ, ಗಣಪ, ಕಾಮಧೇನು, ಎಲ್ಲವೂ ಮರದವೇ. ಆದರೆ ಮರ ಎಲ್ಲೂ ಕಾಣುವುದಿಲ್ಲ. ಅದರ ಮೇಲೆ ಕಿಟ್ಟ ಎಂಬ ಗೋಣಿ ಪುಡಿ, ಮರದ ಪುಡಿಯ ಮೆತ್ತನೆ ಮುದ್ದೆ, ಬಟ್ಟೆ, ಕಲ್ಲಿನ ಪುಡಿ, ಆಮೇಲೆ ಬಣ್ಣ. ಅಲ್ಲಿನ ಚಿತ್ರಗಾರರ ಕೈಚಳಕ ಇರುವುದು ಈ ಪದರಗಳಲ್ಲೇ. ಅವರ ಹಿರಿಯರೇ ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳನ್ನು ಬರೆದರು ಎಂಬ ಮಾತೂ ಇದೆ. ಅದೇ ಬಗೆಯಲ್ಲಿ ಮನೆಯಲ್ಲಿ ಅಂಗೈಯಗಲದ ಗಿಳಿ ಮಾಡಬಹುದು.

ಮೊದಲು ಹಗುರವಾದ, ಚೆನ್ನಾಗಿ ಒಣಗಿದ ಮರ ಆರಿಸಿ. ಮೈ ಬೇರೆ, ರೆಕ್ಕೆ ಬೇರೆ ಕೆತ್ತಿ. ಮರದ ಎಳೆ ಹೋದ ಕಡೆಗೇ ಉಳಿ ಓಡಿಸಿ, ಎದುರು ಓಡಿಸಿದರೆ ಸಿಬಿರು ಏಳುತ್ತದೆ. ಹಿಡಿದ ಕೈ ಯಾವಾಗಲೂ ಉಳಿಯ ಹಿಂದೆ ಇರಲಿ. ತೀರಾ ನುಣುಪು ಬೇಕಾಗಿಲ್ಲ.

ಇನ್ನು ಅಂಟು. ಹುಣಸೆ ಬೀಜ ಹುರಿದು, ಕುಟ್ಟಿ, ಕಂದು ಸಿಪ್ಪೆ ತೆಗೆಯಿರಿ. ರಾತ್ರಿ ನೆನೆಹಾಕಿ, ಬೆಳಿಗ್ಗೆ ನುಣ್ಣಗೆ ರುಬ್ಬಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಗಂಜಿಯಂತಿದ್ದದ್ದು ನೋಡನೋಡುತ್ತಲೇ ಗಟ್ಟಿಯಾಗಿ, ಸೌಟು ಎತ್ತಿದರೆ ಎಳೆ ಎಳೆಯಾಗಿ ಇಳಿಯುತ್ತದೆ. ಆಗ ಇಳಿಸಿ. ಇದರಿಂದಲೇ ರೆಕ್ಕೆಗಳನ್ನು ಮೈಗೆ ಅಂಟಿಸಿ.

ಈಗ ಕಿಟ್ಟ. ಹಳೆಯ ಗೋಣಿಯನ್ನು ನೆನೆಸಿ, ಸಣ್ಣಗೆ ಕತ್ತರಿಸಿ, ಒಣಗಿಸಿ ಪುಡಿ ಮಾಡಿ. ಅದಕ್ಕೆ ಮರದ ಪುಡಿ ಬೆರೆಸಿ, ಹುಣಸೆ ಅಂಟು ಹಾಕಿ ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ. ಗಿಳಿಯ ಮೈಗೆಲ್ಲ ಕೈಯಿಂದಲೇ ತೆಳ್ಳಗೆ ಮೆತ್ತಿ. ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಅದರ ಮೇಲೆ ಹತ್ತಿ ಬಟ್ಟೆಯ ಚಿಕ್ಕ ತುಂಡುಗಳನ್ನು ಅದೇ ಅಂಟಿನಿಂದ ಅಂಟಿಸಿ.

ಇಲ್ಲಿ ಅವಸರ ಬೇಡ, ದಯವಿಟ್ಟು. ಮೊದಲ ಸಲ ಒಂದೇ ದಿನ ಒಣಗಿಸಿ ನಾನು ಬಣ್ಣ ಹಚ್ಚಿಬಿಟ್ಟೆ. ವಾರದಲ್ಲೇ ಕತ್ತಿನ ಸುತ್ತ ಬಿರುಕು. ನೆರಳಲ್ಲಿ ಮೂರ್ನಾಲ್ಕು ದಿನ ಬಿಡಿ. ಉಗುರಿನಿಂದ ತಟ್ಟಿದರೆ ಟಕ್ ಅನ್ನಬೇಕು.

ಆಮೇಲೆ ಕಲ್ಲಿನ ನುಣ್ಣನೆ ಪುಡಿಯನ್ನು ಗೋಂದಿನ ನೀರಲ್ಲಿ ಕಲಸಿ ಬಳಿಯಿರಿ. ಬಣ್ಣ ನಿಲ್ಲುವುದು ಇದರ ಮೇಲೆಯೇ. ಮನೆಯಲ್ಲಿ ಚಾಕ್ ಪುಡಿಯೂ ನಡೆಯುತ್ತದೆ. ಇದನ್ನೇ ಸ್ವಲ್ಪ ಗಟ್ಟಿ ಮಾಡಿ, ಕುಂಚದ ತುದಿಯಿಂದ ಚುಕ್ಕಿ ಚುಕ್ಕಿಯಾಗಿ ಇಟ್ಟರೆ ಕೊರಳಿಗೆ ಉಬ್ಬಿದ ಸರ ಸಿದ್ಧ. ಕಿನ್ನಾಳದ ದೇವರ ಗೊಂಬೆಗಳ ಒಡವೆಗಳೂ ಹೀಗೇ ಮೂಡುತ್ತವೆ.

ಪೂರ್ತಿ ಒಣಗಿದ ಮೇಲೆ ಹಸಿರು, ಕೆಂಪು, ಹಳದಿ ಹಚ್ಚಿ. ಕಣ್ಣನ್ನು ಕೊನೆಗೆ ಬರೆಯಿರಿ.

ಗಿಳಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಹುಣಸೆ ಅಂಟಿಗೆ ನೀರು ಆಗದು. ಹುಳುವಿಗೂ ಈ ಅಂಟು ಇಷ್ಟ. ಕಪಾಟಿನಲ್ಲಿ ಇಡುವಾಗ ಪಕ್ಕದಲ್ಲಿ ನಾಲ್ಕು ಒಣ ಬೇವಿನ ಎಲೆ ಇರಲಿ.