ವರ್ಗಾವಣೆ ಬಂದಾಗ: ಜರ್ಮನಿಗೆ ಸೇವೆಗೆ ಬರುವ ನಮ್ಮವರಿಗೆ

ನೀವು ಕಾನ್ವೆಂಟಿನಿಂದ ಬರುವ ಸಿಸ್ಟರ್ ಆಗಿರಲಿ, ಚರ್ಚಿನ ಸೇವೆಗೆ ಬರುವ ಫಾದರ್ ಆಗಿರಲಿ, ಮೊದಲು ಬಂದಿಳಿದ ಊರೇ ಕೊನೆಯ ಊರು ಅಂತ ನಂಬಿಕೊಳ್ಳಬೇಡಿ. ನಾನು ನಂಬಿದ್ದೆ. ಒಂಬತ್ತು ವರ್ಷ ದಕ್ಷಿಣದ ಶ್ವಾಬಿಯಾದಲ್ಲಿ, ಟ್ಯೂಬಿಂಗನ್ ಹತ್ತಿರದ ಒಂದು ವೃದ್ಧಾಶ್ರಮದಲ್ಲಿ ನರ್ಸ್ ಆಗಿದ್ದೆ. ನನ್ನ ಆಯಸ್ಸು ಅಲ್ಲೇ ಕಳೆಯುತ್ತದೆ ಅಂತಲೇ ಇದ್ದೆ.

ಅಕ್ಕಿ, ಮಸಾಲೆ, ದಪ್ಪ ಜಾಕೆಟ್ ಬಗ್ಗೆ ಬರೆಯುವುದಿಲ್ಲ. ಅದೆಲ್ಲ ಇಲ್ಲೇ ಸಿಗುತ್ತದೆ. ಭಾಷೆಯ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು.

ನರ್ಸಿಂಗ್‌ಗೆ ಬಿ2 ಹಂತದ ಜರ್ಮನ್ ಬೇಕು, ನೀವೂ ಬರೆದು ಪಾಸ್ ಆಗಿ ಬರುತ್ತೀರಿ. ಆದರೆ ಅಜ್ಜಿಯರು ಪುಸ್ತಕದ ಜರ್ಮನ್ ಮಾತಾಡುವುದಿಲ್ಲ. ನಾನು ಬಂದ ಮೊದಲ ವಾರ ಒಬ್ಬ ಅಜ್ಜಿ 'ಟೆಪ್ಪಿಶ್' ಕೊಡು ಅಂದರು. ಟೆಪ್ಪಿಶ್ ಅಂದರೆ ನೆಲಕ್ಕೆ ಹಾಸುವ ಕಾರ್ಪೆಟ್ ಅಂತ ನಾನು ಕಲಿತಿದ್ದೆ. ಕೋಣೆಯಿಡೀ ಹುಡುಕಿದೆ. ಪಾಪ, ಅವರಿಗೆ ಚಳಿಯಾಗುತ್ತಿತ್ತು, ಹೊದಿಕೆ ಕೇಳುತ್ತಿದ್ದರು. ಶ್ವಾಬಿಯಾದವರು ಹೊದಿಕೆಗೂ ಹಾಗೇ ಹೇಳುತ್ತಾರೆ. 'ಫೂಸ್' ನೋಯುತ್ತದೆ ಅಂದರೆ ಪಾದ ಮಾತ್ರ ನೋಡಿ ಬಿಡಬೇಡಿ, ಅವರ ಲೆಕ್ಕದಲ್ಲಿ ಅದು ಸೊಂಟದವರೆಗೂ ಕಾಲೇ. 'ಹೇಬನ್' ಅಂದರೆ ಎತ್ತು ಅಂತ ಅಲ್ಲ, ಹಿಡಿದುಕೋ ಅಂತ. ಕೇಳಲು ಸಣ್ಣ ವಿಷಯ, ಆದರೆ ನಡೆಯಲಾಗದ ಒಬ್ಬರನ್ನು ಮಂಚದಿಂದ ಇಳಿಸುವಾಗ ಈ ಒಂದು ಪದದ ಮೇಲೆ ಎಲ್ಲ ನಿಂತಿರುತ್ತದೆ. ಅರ್ಥ ಆಗದಿದ್ದರೆ ಮತ್ತೆ ಕೇಳಿ. ಸುಮ್ನೆ ತಲೆ ಆಡಿಸಬೇಡಿ.

ಇಷ್ಟೆಲ್ಲ ಕಲಿತು, ಅವರ ತಮಾಷೆಗೆ ಅವರ ಜೊತೆಯೇ ನಗುವಷ್ಟು ಆದ ಮೇಲೆ ಒಂದು ಸಂಜೆ ಪ್ರೊವಿನ್ಶಿಯಲ್, ಅಂದರೆ ನಮ್ಮ ಸಿಸ್ಟರ್‌ಗಳ ಮೇಲಧಿಕಾರಿ, ಫೋನ್ ಮಾಡಿದರು. ಎರಡು ತಿಂಗಳಲ್ಲಿ ಓಸ್ಟ್‌ಫ್ರೀಸ್‌ಲಾಂಡ್‌ಗೆ ಹೋಗಬೇಕು ಅಂದರು. ಅದು ದೇಶದ ಇನ್ನೊಂದು ತುದಿ, ಉತ್ತರ ಸಮುದ್ರದ ದಡ. ಹೆಚ್ಚಿನವರು ಪ್ರೊಟೆಸ್ಟೆಂಟರು, ಕ್ಯಾಥೊಲಿಕರು ಅಲ್ಲೊಂದು ಇಲ್ಲೊಂದು ಮನೆ. ನಾನು "ಆಯ್ತು ಮದರ್" ಅಂತ ಹೇಳಿ ಫೋನ್ ಇಟ್ಟೆ. ಆಮೇಲೆ ಮೂರು ರಾತ್ರಿ ನಿದ್ದೆ ಇಲ್ಲ.

ಇಲ್ಲಿ ನಾನು ಮಾಡಿದ್ದು ತಪ್ಪು. ಮನಸ್ಸಿನಲ್ಲಿದ್ದದ್ದನ್ನು ಆಗಲೇ ಹೇಳಬೇಕಿತ್ತು. ವಿಧೇಯತೆಯ ವ್ರತ ತೆಗೆದುಕೊಂಡವರಿಗೂ ಬಾಯಿ ಇದೆ. ನಾಲ್ಕನೇ ದಿನ ನಾನೇ ಫೋನ್ ಮಾಡಿದೆ. ಬೆನ್ನು ನೋವು ಹೇಳಿದೆ, ಕೊನೆಯ ದಿನಗಳಲ್ಲಿದ್ದ ಇಬ್ಬರು ಅಜ್ಜಿಯರ ವಿಷಯ ಹೇಳಿದೆ, ಹೋಗಲು ಇಷ್ಟ ಇಲ್ಲ ಅಂತಲೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಒಂದು ತಿಂಗಳು ಮುಂದೆ ಹಾಕಿದರು, ಆದರೆ ನಿರ್ಧಾರ ಬದಲಿಸಲಿಲ್ಲ. ಹೋಗುವುದಂತೂ ತಪ್ಪಲಿಲ್ಲ, ಆದರೂ ಆ ಫೋನ್ ಮಾಡಿದ ಮೇಲೆಯೇ ನನಗೆ ನಿಜವಾಗಿ 'ಆಯ್ತು' ಅನ್ನಲು ಆದದ್ದು.

ಈಗ ಕಾಗದದ ಕೆಲಸ. ವರ್ಗಾವಣೆಯನ್ನು ಬರಹದಲ್ಲಿ ಕೇಳಿ ಪಡೆಯಿರಿ. ನಿಮ್ಮ ವಾಸದ ಪರವಾನಗಿಯ ಜೊತೆ ಒಂದು ಹಾಳೆ ಕೊಟ್ಟಿರುತ್ತಾರೆ, ಅದರಲ್ಲಿ ಕೆಲಸದ ಷರತ್ತು ಬರೆದಿರುತ್ತದೆ. ಒಂದೇ ಸಂಸ್ಥೆಯ ಹೆಸರಿದ್ದರೆ, ಹೊರಡುವ ಮೊದಲೇ ವಿದೇಶಿಯರ ಕಚೇರಿಗೆ ತಿಳಿಸಿ ಒಪ್ಪಿಗೆ ತೆಗೆದುಕೊಳ್ಳಬೇಕು. ಹೊಸ ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಣಿ, ಅಂದರೆ ಆನ್‌ಮೆಲ್ಡುಂಗ್. ನರ್ಸಿಂಗ್ ಮಾನ್ಯತೆಯ ಮೂಲ ಪತ್ರ ಕೈಚೀಲದಲ್ಲೇ ಇರಲಿ, ಸಾಮಾನಿನ ಪೆಟ್ಟಿಗೆಯಲ್ಲಿ ಬೇಡ. ಹಳ್ಳಿ ಕಡೆ ಹೋಗುವವರು ಡ್ರೈವಿಂಗ್ ಬೇಗ ಮುಗಿಸಿ. ನಮ್ಮ ಲೈಸೆನ್ಸ್ ಇಲ್ಲಿ ಆರು ತಿಂಗಳು ಮಾತ್ರ ನಡೆಯುತ್ತದೆ, ಆಮೇಲೆ ಬರಹದ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡೂ ಆಗಬೇಕು. ಅಲ್ಲಿ ಬಸ್ ನಂಬಿದರೆ ಚರ್ಚಿನ ಬಲಿಪೂಜೆಗೂ ಹೋಗಲಾಗುವುದಿಲ್ಲ.

ಬಿಟ್ಟು ಬರುವ ಊರಿನವರಿಗೆ ಎದುರಿಗೆ ನಿಂತು ಹೇಳಿ ಬನ್ನಿ. ಮರೆವಿನ ಕಾಯಿಲೆ ಇರುವವರಿಗೂ ಹೇಳಬೇಕು. ನೆನಪಿರುವುದಿಲ್ಲ ಅಂತ ನಾನು ಒಬ್ಬರಿಗೆ ಹೇಳದೆ ಬಂದೆ, ಅವರ ಮುಖ ನನಗೆ ಇವತ್ತಿಗೂ ಕಾಡುತ್ತದೆ.

ಉತ್ತರದಲ್ಲಿ ನನ್ನ ಶ್ವಾಬಿಯಾದ ಪದಗಳು ಒಂದೂ ಕೆಲಸಕ್ಕೆ ಬರಲಿಲ್ಲ. ನಮಸ್ಕಾರ ಅನ್ನಲು ಬೆಳಿಗ್ಗೆಯೂ 'ಮೊಯ್ನ್', ರಾತ್ರಿಯೂ 'ಮೊಯ್ನ್'. ಮಾತು ಕಡಿಮೆ, ಅದನ್ನು ಕೋಪ ಅಂದುಕೊಳ್ಳಬೇಡಿ. ಚಹಾ ಕೊಟ್ಟರೆ ಕೂರಿ. ಕಲ್ಲುಸಕ್ಕರೆ ಮೇಲೆ ಬಿಸಿ ಚಹಾ, ಅದರ ಮೇಲೆ ಕೆನೆ. ಕಲಕಬಾರದು. ಮೂರು ಕಪ್ ಕುಡಿಯುವುದು ಅಲ್ಲಿಯ ಮರ್ಯಾದೆ. ಸಾಕು ಅಂತ ಬಾಯಲ್ಲಿ ಹೇಳಬೇಕಿಲ್ಲ, ಚಮಚ ಕಪ್ಪಿನೊಳಗೆ ಇಟ್ಟರೆ ಆಯಿತು.

ನಮ್ಮ ಇಲ್ಲಿಯ ವೃದ್ಧಾಶ್ರಮದಲ್ಲಿ ಸಿಲೇಸಿಯಾದಿಂದ (ಈಗ ಅದು ಬಹುಪಾಲು ಪೋಲೆಂಡಿನಲ್ಲಿದೆ) ಬಂದ ಒಬ್ಬ ಅಜ್ಜಿ ಇದ್ದಾರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ಕಡೆಯ ಲಕ್ಷಾಂತರ ಜರ್ಮನ್ನರನ್ನು ಊರು ಬಿಡಿಸಿದರು, ಇವರು 1946ರಲ್ಲಿ ಅಮ್ಮನ ಕೈ ಹಿಡಿದು ಬಂದಾಗ ಏಳು ವರ್ಷ. ಯಾರದೋ ಹೊಲದ ಮನೆಯ ಒಂದು ಕೋಣೆ. ಇವರ ಮಾತು ಕೇಳಿ ಶಾಲೆಯ ಮಕ್ಕಳು ನಗುತ್ತಿದ್ದರಂತೆ. ಬಲಿಪೂಜೆಗೆ ಲೂಥರನ್ನರ ಚರ್ಚನ್ನೇ ಕೇಳಿ ಪಡೆಯಬೇಕಿತ್ತಂತೆ. ಉತ್ತರದ ಎಷ್ಟೋ ಕ್ಯಾಥೊಲಿಕ್ ಚರ್ಚುಗಳು ಹೀಗೆ ಬಂದವರಿಂದಲೇ ತುಂಬಿದ್ದು. ನಾನು ಮುಖ ಬಾಡಿಸಿಕೊಂಡು ಔಷಧಿ ಕೊಡುತ್ತಿದ್ದ ಮೊದಲ ವಾರ ಅವರು ನನ್ನ ಕೈ ಹಿಡಿದು ಕೇಳಿದರು: "ನಿನ್ನನ್ನೂ ಕಳಿಸಿಬಿಟ್ಟರಾ ಮಗಳೇ?" ನನ್ನನ್ನು ಕಳಿಸಿದ್ದಕ್ಕೂ ಅವರನ್ನು ಕಳಿಸಿದ್ದಕ್ಕೂ ಹೋಲಿಕೆಯೇ ಇಲ್ಲ. ಅದು ನನಗೆ ಗೊತ್ತು. ಆದರೂ ಕೇಳಿದ್ದು ಅವರೊಬ್ಬರೇ. ಅವತ್ತು ಸಂಜೆಯೇ ನಾನು ಪೆಟ್ಟಿಗೆ ಪೂರ್ತಿ ಬಿಚ್ಚಿ ಬಟ್ಟೆ ಕಪಾಟಿನಲ್ಲಿಟ್ಟೆ.

ಒಂದು ರಜೆಯ ದಿನ ರೆಸ್ಟರ್‌ಹಾಫೆ ಅನ್ನುವ ಹಳ್ಳಿಗೆ ಹೋಗಿದ್ದೆ. ನಮ್ಮ ಕಿಟ್ಟೆಲ್ 1832ರಲ್ಲಿ ಹುಟ್ಟಿದ್ದು ಅಲ್ಲೇ, ಪಾದ್ರಿಯ ಮಗನಾಗಿ. 1853ರಲ್ಲಿ ಬಾಸೆಲ್ ಮಿಷನ್ನಿನವರಾಗಿ ಭಾರತಕ್ಕೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿ ಅಂತ ಊರೂರು ಬದಲಿಸಿ ಕೆಲಸ ಮಾಡಿದರು. 1894ರಲ್ಲಿ ಮಂಗಳೂರಿನಲ್ಲಿ ಅವರ ನಿಘಂಟು ಅಚ್ಚಾಯಿತು. 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ. ಅವರು ಸತ್ತ ಊರಿನ ಪಕ್ಕದಿಂದ ಅವರು ಹುಟ್ಟಿದ ಊರಿನ ಪಕ್ಕಕ್ಕೆ ನನ್ನನ್ನು ವರ್ಗ ಮಾಡಿದ್ದಾರೆ ಅಂತ ಆ ಗಾಳಿಯಲ್ಲಿ ನಿಂತಾಗ ಹೊಳೆಯಿತು. ಶಾಲೆಯಲ್ಲಿ ಟೀಚರ್ ಮೇಜಿನ ಮೇಲೆ ನೋಡಿದ್ದ ಆ ದಪ್ಪ ಪುಸ್ತಕ ನೆನಪಾಗಿ ಕಣ್ಣು ತುಂಬಿತು.

ಸೆಪ್ಟೆಂಬರ್ 8ರ ಮೊಂತಿ ಹಬ್ಬವನ್ನು, ಮಾತೆ ಮರಿಯಮ್ಮನ ಹುಟ್ಟುಹಬ್ಬದ ದಿನ ಊರಲ್ಲಿ ಹೊಸ ಭತ್ತದ ತೆನೆ ಆಶೀರ್ವದಿಸುವ ಹಬ್ಬವನ್ನು, ಎಲ್ಲಿದ್ದರೂ ಬಿಡಬೇಡಿ. ಇಲ್ಲಿ ಭತ್ತದ ತೆನೆ ಇಲ್ಲ. ಕಳೆದ ವರ್ಷ ಪಕ್ಕದ ರೈತರೊಬ್ಬರು ಓಟ್ಸ್ ತೆನೆ ಒಂದು ಹಿಡಿ ಎತ್ತಿಟ್ಟಿದ್ದರು. ಫಾದರ್ ಆಶೀರ್ವದಿಸಿ ಕೊಟ್ಟರು. ಊರಲ್ಲಿ ಮಾಡುವ ಹಾಗೇ ಸಿಪ್ಪೆ ಸುಲಿದು, ಕುಟ್ಟಿ, ಹಾಲಿಗೆ ಹಾಕಿ ಎಲ್ಲರಿಗೂ ಹಂಚಿದೆ. ಸಿಲೇಸಿಯಾದ ಅಜ್ಜಿ ಎರಡು ಸಲ ಕೇಳಿ ಹಾಕಿಸಿಕೊಂಡರು. ಈ ಕಡೆ ಬರುವವರಿದ್ದರೆ ಆಗಸ್ಟ್‌ನಲ್ಲೇ ತಿಳಿಸಿ, ನಿಮ್ಮ ಪಾಲಿನ ತೆನೆ ಎತ್ತಿಡಲು ಹೇಳುತ್ತೇನೆ.